ವೈವಾ ಮುಗೀತು, ಥ್ಯಾಂಕ್ಸ್ ಹೇಳೋದು ಬಾಕಿ ಇದೆ

ಹೋದ ವಾರ ಧಾರವಾಡದಲ್ಲಿ ನನ್ನ ಪಿಎಚ್‌ಡಿ ವೈವಾ (ಮೌಖಿಕ ಪರೀಕ್ಷೆ) ಮುಗಿಯಿತು. ವಿಷಯ ಹೈ ಎಂಟ್ರೊಪಿ ಅಲಾಯ್, ಅಂದರೆ ಹಲವು ಲೋಹ ಹೆಚ್ಚುಕಡಿಮೆ ಸಮಪಾಲಿನಲ್ಲಿ ಬೆರೆತ ಮಿಶ್ರಲೋಹ. ಗೈಡ್‌ಗೆ, ವಿಭಾಗಕ್ಕೆ ಧನ್ಯವಾದ ಥೀಸಿಸ್‌ನಲ್ಲೇ ಅಚ್ಚಾಗಿದೆ. ಅಲ್ಲಿ ಹೆಸರು ಬರದವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಹುಬ್ಬಳ್ಳಿ ಗೋಕುಲ ರೋಡಿನ ವೈರ್‌ಕಟ್ (ಕರೆಂಟ್ ಹರಿಯುವ ತಂತಿಯಿಂದ ಲೋಹ ಕತ್ತರಿಸುವ) ಶೆಡ್ಡಿನ ಕಾಕಾ. ನನ್ನವು ಸಣ್ಣ ಲೋಹದ ಬಿಲ್ಲೆಗಳು, ಅವರಿಗೆ ಕರೆಂಟ್ ಖರ್ಚೂ ಹುಟ್ಟದ ಕೆಲಸ. ಆದರೂ ವಾಲ್ವ್ ಕಂಪನಿಗಳ ಆರ್ಡರ್ ನಡುವೆ ಮಷಿನ್ ಬಿಟ್ಟುಕೊಡುತ್ತಿದ್ದರು. "ಇದರಾಗ ಮೇನ್ ಯಾವುದವ್ವಾ, ಕಬ್ಬಿಣನೋ ನಿಕ್ಕಲ್ಲೋ?" ಅಂತ ಕೇಳಿದರು. ಯಾವುದೂ ಅಲ್ಲ ಕಾಕಾ, ಕ್ರೋಮಿಯಂ, ಮ್ಯಾಂಗನೀಸ್, ಕಬ್ಬಿಣ, ಕೋಬಾಲ್ಟ್, ನಿಕ್ಕಲ್ ಐದೂ ಸಮಪಾಲು ಅಂದೆ. "ಎಲ್ಲಾರೂ ಮಾಲಕರಾದ್ರ ದುಡಿಯೋರು ಯಾರು?" ಅಂದರು. ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಕೇಳಿದ್ದೂ ಹೆಚ್ಚುಕಡಿಮೆ ಇದನ್ನೇ.

ಉತ್ತರ ಇಷ್ಟು. ಐದೂ ಲೋಹಗಳ ಪರಮಾಣುಗಳು ಒಂದೇ ಬಗೆಯ ಹರಳಿನಲ್ಲಿ ಬೆರೆತು ಕೂರುತ್ತವೆ. ಒಂದೊಂದರ ಗಾತ್ರ ಸ್ವಲ್ಪ ಬೇರೆ, ಹಾಗಾಗಿ ಹರಳಿನ ಪದರಗಳು ಸಲೀಸಾಗಿ ಜಾರುವುದಿಲ್ಲ, ಲೋಹಕ್ಕೆ ಬಲ ಬರೋದು ಅದರಿಂದ. ಮಾಮೂಲಿ ಸ್ಟೀಲ್ ಚಳಿಗೆ ಪೆಡಸಾಗುತ್ತದೆ, ಇದು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇನ್ನೂ ಗಟ್ಟಿಯಾಗುತ್ತದೆ, ಎಳೆದರೆ ಇನ್ನೂ ಜಾಸ್ತಿ ಹಿಗ್ಗುತ್ತದೆ. ತಣ್ಣಗೆ ಮಾಡಿ ದ್ರವವಾಗಿಸಿದ ಅನಿಲ ತುಂಬುವ ಟ್ಯಾಂಕಿಗೆ ಬಳಸಬಹುದು ಅನ್ನೋದು ಇದಕ್ಕೇ. ನಿಯೋಬಿಯಂ, ಮಾಲಿಬ್ಡಿನಂ, ಟ್ಯಾಂಟಲಂ, ಟಂಗ್‌ಸ್ಟನ್ ಸೇರಿಸಿದ ಇನ್ನೊಂದು ಜಾತಿ 1600 ಡಿಗ್ರಿಯಲ್ಲೂ ಬಲ ಪೂರ್ತಿ ಬಿಡುವುದಿಲ್ಲ, ಆದರೆ ತಣ್ಣಗಿದ್ದಾಗ ಪೆಡಸು. ನಾಳೆಯೇ ಹುಬ್ಬಳ್ಳಿ ವಾಲ್ವ್ ಇದರಿಂದ ಆಗುತ್ತದೆ ಅಂತ ನಾನಂತೂ ಹೇಳಲ್ಲ, ಕೋಬಾಲ್ಟ್ ರೇಟ್ ನೋಡಿದ್ದೀರಾ?

2004ರಲ್ಲಿ ಇಂಗ್ಲೆಂಡಿನ ಬ್ರಯಾನ್ ಕ್ಯಾಂಟರ್ ತಂಡ, ತೈವಾನಿನ ಜಿಯೆನ್-ವೇ ಯೇ ತಂಡ ಇಂಥ ಮಿಶ್ರಲೋಹದ ಬಗ್ಗೆ ಬೇರೆ ಬೇರೆಯಾಗಿ ಪ್ರಕಟಿಸಿದವು. ಬೆಂಗಳೂರಿನ ಐಐಎಸ್‌ಸಿಯ ಎಸ್. ರಂಗನಾಥನ್ 2003ರಲ್ಲೇ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಈ ಬಗ್ಗೆ ಬರೆದಿದ್ದರು. ನಮ್ಮ ಕಡೆ ಇದು ಎಷ್ಟು ಜನರಿಗೆ ಗೊತ್ತು, ಅಲ್ವಾ?

ಆಮೇಲೆ ಲ್ಯಾಬಿನ ಅಣ್ಣ. ಆರ್ಕ್ ಫರ್ನೇಸ್‌ನಲ್ಲಿ (ವಿದ್ಯುತ್ ಕಿಡಿಯಿಂದ ಲೋಹ ಕರಗಿಸುವ ಕುಲುಮೆ) ಆರ್ಗಾನ್ ಅನಿಲ ತುಂಬಿ, ಕರಗಿಸಿ, ಬಿಲ್ಲೆ ತಿರುವಿ ಹಾಕಿ ಮತ್ತೆ ಕರಗಿಸಬೇಕು, ಇಲ್ಲದಿದ್ದರೆ ಸರಿಯಾಗಿ ಬೆರೆಯಲ್ಲ. ಮ್ಯಾಂಗನೀಸ್ ಬೇಗ ಆವಿಯಾಗಿ ಒಳಗೆಲ್ಲ ಕಪ್ಪು ಪುಡಿ ಹಿಡಿಯುತ್ತದೆ. ಅದನ್ನು ಪ್ರತಿ ಸಲ ಒರೆಸಿದವರು ಅವರು. ಪೇಪರ್‌ನಲ್ಲಿ ಹೆಸರು ಮಾತ್ರ ನಮ್ಮದು.

ಹಾವೇರಿಯಿಂದ ಬಸ್ಸಿಗೆ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟು ಕಳಿಸುತ್ತಿದ್ದ ಅವ್ವ "ಯಾವಾಗ ಮುಗೀತದ?" ಅಂತ ಒಮ್ಮೆಯೂ ಕೇಳಲಿಲ್ಲ. ಊರವರೆಲ್ಲ ಕೇಳಿದರು, ಅವರಿಗೂ ಥ್ಯಾಂಕ್ಸ್ ಬಿಡಿ.

ಜೂನಿಯರ್‌ಗಳೇ, ಉಳಿದ ಬಿಲ್ಲೆಗಳು ಕಪಾಟಿನ ಕೆಳಗಿನ ಖಾನೆಯಲ್ಲಿವೆ, ಲೇಬಲ್ ಹಚ್ಚಿದ್ದೇನೆ. ಕೋಬಾಲ್ಟ್ ಬಿಟ್ಟು ಮಾಡಿ ನೋಡಿ.