ವಾದಿಸಿದ್ದು ಯಾರ ಹತ್ತಿರ ಮಾರಾಯ್ತಿ?

ಉಡುಪಿ

ಪ್ರೀತಿಯ ಮಗಳೇ,

ಕೊಣಾಜೆಯಿಂದ ನೀನು ಕಳಿಸಿದ ಪ್ರಬಂಧ ಓದಿದೆ. ಮೂರನೇ ಪುಟದಲ್ಲಿ ‘ಲೇಖಕರು ವಾಗ್ವಾದ ಮಾಡುತ್ತಾರೆ’ ಅಂತ ಉಂಟಲ್ಲ, ಅಲ್ಲಿ ನಗು ಬಂತು. ಯಾರ ಹತ್ತಿರ ಮಾರಾಯ್ತಿ? ಇಂಗ್ಲಿಷ್ ಮೂಲದಲ್ಲಿ ‘ಆರ್ಗ್ಯೂಸ್ ದಟ್’ (argues that) ಇದ್ದಿರಬೇಕು. ಬೇಜಾರು ಮಾಡ್ಕೊಬೇಡ. ನನ್ನ ಮೊದಲ ಅನುವಾದದಲ್ಲಿ ಪಾಪ ಒಬ್ಬ ಇತಿಹಾಸಕಾರ ‘ಜಗಳ ಕಾಯುತ್ತಾನೆ’. ಅದು ಹಾಗೆಯೇ ಅಚ್ಚೂ ಆಯಿತು.

ಆ ಕ್ರಿಯಾಪದದ ಗುಣ ಬದಲಾಗುವುದು ಅದರ ಬೆನ್ನಿಗೆ ಬರುವ ಪುಟ್ಟ ಶಬ್ದದಿಂದ. ‘ಆರ್ಗ್ಯೂ ವಿತ್’ ಅಂದರೆ ಮೀನು ಮಾರ್ಕೆಟಿನಲ್ಲಿ ಬಂಗುಡೆಯ ಕ್ರಯಕ್ಕೆ ನಡೆಯುವಂಥದ್ದು, ಎದುರಿಗೊಬ್ಬರು ಬೇಕೇ ಬೇಕು. ‘ಆರ್ಗ್ಯೂ ದಟ್’ಗೆ ಬೇಕಾದ್ದು ಕಾರಣ. ಒಪ್ಪದಿರಲು ಎಡೆ ಇರುವ ಮಾತನ್ನು ಆಧಾರ ಕೊಟ್ಟು ನಿಲ್ಲಿಸುವುದು. ಕಿಟೆಲ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು ಎಂಬಲ್ಲಿ ಅದನ್ನು ಹಾಕಿದರೆ ತಪ್ಪು. ಅದು ಬರೀ ಸಂಗತಿ. ಆ ನಿಘಂಟು ಇಲ್ಲದಿದ್ದರೆ ಕನ್ನಡ ಗದ್ಯವೇ ಬೇರೆ ದಾರಿ ಹಿಡಿಯುತ್ತಿತ್ತು ಅಂದೆಯೋ, ಅದು ವಾದ. ಪುರಾವೆ ಎಲ್ಲಿ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ.

ನೀನು ತಾಳಮದ್ದಳೆ, ಅದೇ ವೇಷ-ಕುಣಿತ ಇಲ್ಲದ ಮಾತಿನ ಯಕ್ಷಗಾನ, ಕೇಳಿ ಬೆಳೆದವಳು. ಬಾಣ ತಗಲಿ ಬಿದ್ದ ವಾಲಿ ರಾಮನನ್ನು ಕೇಳುವುದು ನೆನಪುಂಟಾ? ನಿನಗೂ ನನಗೂ ಹಗೆ ಎಂತದು, ಮರೆಯಲ್ಲಿ ನಿಂತದ್ದು ಯಾಕೆ? ಒಳ್ಳೆಯ ಅರ್ಥಧಾರಿ (ಪಾತ್ರದ ಮಾತಾಡುವವ) ಅಲ್ಲಿ ಸ್ವರ ಏರಿಸುವುದಿಲ್ಲ. ರಾಮನಾದವ, ವಾಲಿ ತನ್ನ ತಮ್ಮ ಸುಗ್ರೀವನ ಹೆಂಡತಿಯನ್ನು ಇಟ್ಟುಕೊಂಡ ವಿಷಯ ಎತ್ತುತ್ತಾನೆ. ನಾನು ಕಪಿ, ನಿಮ್ಮ ಧರ್ಮ ನನಗೆಂತಕ್ಕೆ ಅನ್ನುತ್ತಾನೆ ವಾಲಿ. ಚೆಂಡೆ ಸುಮ್ಮನಿರುತ್ತದೆ. ಆ ಹೊತ್ತು ನಡೆಯುವುದೇ ‘ಆರ್ಗ್ಯೂ’. (ಕೆಲವರು ಎದುರಿನವನನ್ನು ಬೀಳಿಸಲೆಂದೇ ಮಾತಾಡುತ್ತಾರೆ, ಅದು ಜಲ್ಪ. ಚರ್ಚೆಯಲ್ಲಿ ವಾದ, ಜಲ್ಪ, ವಿತಂಡೆ ಅಂತ ಮೂರು ಬಗೆಯನ್ನು ಮಧ್ವಾಚಾರ್ಯರು ‘ಕಥಾಲಕ್ಷಣ’ದಲ್ಲಿ ಆಗಲೇ ಬಿಡಿಸಿಟ್ಟಿದ್ದಾರೆ.)

ಶಬ್ದದ ಹುಟ್ಟು ಇನ್ನೂ ಚಂದ. ಲ್ಯಾಟಿನ್ನಿನ ‘ಅರ್ಗುಎರೆ’ ಅಂದರೆ ಸ್ಪಷ್ಟ ಮಾಡು. ಅದರ ಬೇರಿಗೆ ಹೊಳಪು, ಬಿಳುಪು ಎಂಬ ಅರ್ಥ ಹೇಳುತ್ತಾರೆ ಭಾಷಾವಿಜ್ಞಾನಿಗಳು; ಬಿಳಿ ಎಂಬರ್ಥದ ನಮ್ಮ ‘ಅರ್ಜುನ’, ಬೆಳ್ಳಿ ಎಂಬರ್ಥದ ‘ರಜತ’ ಅದರ ದಾಯಾದಿಗಳಂತೆ. ಉಡುಪಿಯ ಹಳೆ ಹೆಸರು ರಜತಪೀಠಪುರ; ನಾನು ಕೂತು ಬರೆಯುತ್ತಿರುವುದು ಅಲ್ಲೇ, ನೋಡು!

ಕನ್ನಡದಲ್ಲಿ ‘ಎಂಬುದು ಅವರ ವಾದ’ ಅಂದರೆ ಸಾಕು. ‘ಪ್ರತಿಪಾದಿಸುತ್ತಾರೆ’ ನನಗೆ ಸ್ವಲ್ಪ ಭಾರ.

ತಿದ್ದಿದ ಪ್ರತಿಯನ್ನು ಕೃಷ್ಣಾಷ್ಟಮಿಯ ವಿಟ್ಲಪಿಂಡಿಗೆ ಬರುವಾಗ ತಾ. ಏಳನೇ ಪುಟದ ‘ಸಜೆಸ್ಟ್’ ಬಗ್ಗೆಯೂ ಮಾತಾಡುವ. ಅಲ್ಲಿ ನಿನ್ನ ಅಂಕಿಅಂಶಗಳು ಸರಕಾರಕ್ಕೆ ಸಲಹೆ ಕೊಡುತ್ತಾ ಕೂತಿವೆ.

ನಿನ್ನ,
ದೊಡ್ಡಪ್ಪ