ಕೊರೊನಾ ನಂಗೆ ಬಂದೇ ಇಲ್ಲ ಅನ್ನೋರಿಗೆ

ಸಂಪಾದಕರಿಗೆ ನಮಸ್ಕಾರ,

ನಮ್ಮ ಕಡೆ ಈಗ್ಲೂ ಸುಮಾರು ಜನ ಹೇಳ್ತಾರೆ, ನಂಗೆ ಕೊರೊನಾ ಬಂದೇ ಇಲ್ಲ, ನನ್ನ ಇಮ್ಯುನಿಟಿ ಸ್ಟ್ರಾಂಗು ಅಂತ. ಟೆಸ್ಟ್ ಮಾಡಿಸಿದ್ರಾ ಅಂದ್ರೆ ಇಲ್ಲ! ಜ್ವರ ಕೆಮ್ಮು ಏನೂ ಇಲ್ದೆ ವೈರಸ್ ಬಂದು ಹೋಗಿರಬಹುದಲ್ವಾ ಸರ್.

2020ರ ಸೆಪ್ಟೆಂಬರಲ್ಲಿ ನಮ್ಮ ಸರ್ಕಾರ ಸೀರೋ ಸರ್ವೆ (ರಕ್ತದಲ್ಲಿ ಆ್ಯಂಟಿಬಾಡಿ, ಅಂದ್ರೆ ಸೋಂಕಿನ ವಿರುದ್ಧ ದೇಹ ಮಾಡ್ಕೊಳ್ಳೋ ಪ್ರೋಟೀನು, ಇದ್ಯಾ ಅಂತ ನೋಡೋ ಸಮೀಕ್ಷೆ) ಮಾಡಿಸ್ದಾಗ ಶೇ 27.3 ಜನಕ್ಕೆ ಆಗ್ಲೇ ಸೋಂಕು ತಗುಲಿತ್ತು ಅಥವಾ ಆಗ ಇತ್ತು ಅಂತ ಗೊತ್ತಾಯ್ತು, ಅಂದ್ರೆ ರಾಜ್ಯದಲ್ಲಿ ಅಂದಾಜು 1.93 ಕೋಟಿ ಜನ, ಆದ್ರೆ ಅಷ್ಟೊತ್ತಿಗೆ ಟೆಸ್ಟಲ್ಲಿ ಸಿಕ್ಕಿದ್ದ ಕೇಸು 5 ಲಕ್ಷದ ಹತ್ರ ಮಾತ್ರ. ಜಪಾನಿನ ಯೊಕೊಹಾಮದಲ್ಲಿ ನಿಂತಿದ್ದ ಡೈಮಂಡ್ ಪ್ರಿನ್ಸೆಸ್ ಹಡಗಲ್ಲಿ 3711 ಜನದಲ್ಲಿ 712 ಜನಕ್ಕೆ ಪಾಸಿಟಿವ್ ಬಂತು, ಅದ್ರಲ್ಲಿ ಹತ್ತಿರತ್ತಿರ ಅರ್ಧ ಜನಕ್ಕೆ ಟೆಸ್ಟ್ ಮಾಡೋ ಹೊತ್ತಿಗೆ ಯಾವ ಲಕ್ಷಣಾನೂ ಇರ್ಲಿಲ್ಲ.

ಹಂಗಂತ ಒಂದ್ಸಲ ಬಂದು ಹೋದ್ರೆ ಮುಗೀತು ಅಂತಲ್ಲ. ಆ್ಯಂಟಿಬಾಡಿ ತಿಂಗಳು ಕಳೆದ ಹಾಗೆ ಕಮ್ಮಿ ಆಗುತ್ತೆ, ವೈರಸ್ಸನ್ನ ನೆನಪಿಟ್ಕೊಳ್ಳೋ ಜೀವಕೋಶಗಳು ಉಳ್ಕೊಂಡು ಕಾಯಿಲೆ ಜೋರಾಗದಂಗೆ ತಡೀತವೆ, ಆದ್ರೆ ಮತ್ತೆ ಸೋಂಕು ತಗುಲೋದನ್ನ ಪೂರ್ತಿ ತಡೆಯಲ್ಲ, ಒಮಿಕ್ರಾನ್ ಬಂದಾಗ ಎಷ್ಟೋ ಜನಕ್ಕೆ ಎರಡನೇ ಸಲ ಬಂತಲ್ಲ.

ನಮ್ಮನೇಲಿ ಯಾರೂ ಒಂದು ಸಲ ಕೆಮ್ಮಿರ್ಲಿಲ್ಲ, ಹೊರಗೆ ಓಡಾಡ್ತಿದ್ದೋರು ನಾವು ಹುಡುಗ್ರು, ಕೊರೊನಾ ಬಂದು ಮಲಗಿದ್ದು ಮಾತ್ರ ಮನೆ ಬಿಟ್ಟು ಕದಲದ ಅಜ್ಜಿ. 11 ದಿನ ಆಕ್ಸಿಜನ್ ಹಾಕಿದ್ರು. ತಂದ್ಕೊಟ್ಟೋರು ನಾವೇ ಇರ್ಬೇಕು ಅನ್ನೋದು ಇವತ್ತಿಗೂ ಕಾಡುತ್ತೆ. ಮಳೆಗಾಲದಲ್ಲಿ ಫ್ಲೂ ಹರಡೋವಾಗ್ಲೂ ವಯಸ್ಸಾದವರ ಹತ್ರ ಹೋಗೋರು ದಯವಿಟ್ಟು ಮಾಸ್ಕ್ ಹಾಕ್ಕೊಳ್ಳಿ, ನಿಮಗೆ ಏನೂ ಅನಿಸ್ದೇ ಇದ್ರೂ.

— ಒಬ್ಬ ಓದುಗ, ಹಾಸನ