ಮಗಳಿಗೊಂದು ಪತ್ರ: ಶಾವಿಗೆ ಒತ್ತೋಕೆ ಇಬ್ಬರು ಬೇಕು

ಪ್ರೀತಿಯ ಪುಟ್ಟಿ,

ಅಜ್ಜಿಯ ಶಾವಿಗೆ ಒರಳನ್ನು ನಿನ್ನೆ ಪಾರ್ಸೆಲ್ ಹಾಕಿದೆ. ಹಳೇ ಬೆಡ್‌ಶೀಟ್ ಸುತ್ತಿ, ಮೂರು ಕಾಲಿಗೂ ಹಗ್ಗ ಬಿಗಿದಿದ್ದೇನೆ. ಈ ಸಲ ಪಾಸ್ಕ ಹಬ್ಬಕ್ಕೆ, ಅಂದರೆ ಈಸ್ಟರ್‌ಗೆ, ರಜೆ ಸಿಗಲಿಲ್ಲ ಅಂತ ನೀನು ಫೋನಿನಲ್ಲಿ ಅತ್ತಾಗ ನನಗೆ ಮಾತೇ ಹೊರಡಲಿಲ್ಲ. ಫೋನ್ ಇಟ್ಟವನು ಸೀದಾ ಅಟ್ಟ ಹತ್ತಿದೆ.

ಪುಣೆಯಲ್ಲಿ ಯುಗಾದಿ ಚಂದ್ರ ನೋಡಿದೆಯಾ? ಅಜ್ಜಿಗೆ ಅದೇ ಕ್ಯಾಲೆಂಡರ್ ಆಗಿತ್ತು. ಮಾರ್ಚ್ 21 ಅಥವಾ ಆಮೇಲೆ ಬರುವ ಹುಣ್ಣಿಮೆ ಕಳೆದು ಬರುವ ಮೊದಲ ಭಾನುವಾರ ಪಾಸ್ಕ ಅನ್ನೋದು ಲೆಕ್ಕ. ಈ 2026ರಲ್ಲಿ ಯುಗಾದಿ ಮಾರ್ಚ್ 19ಕ್ಕೆ ಆಯಿತು, ಅದೇ ಚಂದ್ರ ಪವಿತ್ರ ಗುರುವಾರಕ್ಕೆ ತುಂಬುತ್ತಾನೆ, ಏಪ್ರಿಲ್ 5ಕ್ಕೆ ನಮ್ಮ ಹಬ್ಬ. ಎಲ್ಲ ವರ್ಷವೂ ಹೀಗೆ ಕೂಡಿ ಬರೋದಿಲ್ಲ. 2024ರಲ್ಲಿ ಪಾಸ್ಕವೇ ಮೊದಲು ಬಂದಿತ್ತು, ನೆನಪಿದೆಯಾ?

ಯುಗಾದಿಯ ಮಾರನೇ ದಿನದ ವರ್ಷತೊಡಕು ಈ ಸಲ ಶುಕ್ರವಾರವೇ ಬಿತ್ತು. ಓಣಿ ತುಂಬಾ ಮಟನ್ ಸಾರಿನ ಘಮ. ನಮಗೆ ಪಾಸ್ಕಕ್ಕೆ ಮುಂಚಿನ ಉಪವಾಸದ ತಪಸ್ಸು ಕಾಲ, ಮನೆಯಲ್ಲಿ ಹುರುಳಿಕಾಳು ಸಾರು. ಪಕ್ಕದ ಮನೆ ದೊಡ್ಡಮ್ಮ ಯುಗಾದಿ ದಿನ ಹೋಳಿಗೆ ಕೊಟ್ಟು ಹೋಗಿದ್ದರು. "ನಿಮ್ಮ ಒಪ್ಪೊತ್ತು ಮುಗೀಲಿ, ಆಮೇಲೆ ಶಾವಿಗೆ ನಮ್ಮನೆಗೇ ಮೊದಲು ಬರಬೇಕು" ಅಂದರು. ಮೊದಲಿಂದಲೂ ಹಾಗೇ ಅಲ್ವಾ? ಮೊದಲ ತಟ್ಟೆ ಅವರ ಮನೆಗೆ, ಆಮೇಲೆ ನಮಗೆ.

ಈಗ ಶಾವಿಗೆ ವಿಷಯ. ಎರಡು ಲೋಟ ಅಕ್ಕಿ ಹಿಟ್ಟಿಗೆ ಎರಡು ಲೋಟ ನೀರು, ಉಪ್ಪು, ಒಂದು ಚಮಚ ಎಣ್ಣೆ. ನೀರು ಮರಳಿದ ಮೇಲೆ ಹಿಟ್ಟು ಹಾಕಿ ಮುದ್ದೆ ಮಾಡು. ಕೈ ಸುಡುತ್ತದೆ ಅಂತ ಆರಲು ಬಿಡಬೇಡ, ಕೈ ಒದ್ದೆ ಮಾಡಿಕೊಂಡು ಬಿಸಿಯಲ್ಲೇ ನಾದು. ಉಂಡೆ ಕಟ್ಟಿ ಕುದಿಯುವ ನೀರಿಗೆ ಬಿಡು. ಮೊದಲು ತಳಕ್ಕೆ ಹೋಗುತ್ತವೆ, ಬೆಂದ ಮೇಲೆ ತೇಲಿ ಬರುತ್ತವೆ. ತೇಲಿದ ಉಂಡೆ ಎತ್ತಿ ತಕ್ಷಣ ಒರಳಿಗೆ. ಆರಿದರೆ ತಿರುಪು ಮಿಸುಕೋದಿಲ್ಲ, ಎಳೆಯೂ ತುಂಡಾಗುತ್ತದೆ.

ಇದು ಒಬ್ಬರ ಕೆಲಸ ಅಲ್ಲ, ಪುಟ್ಟಿ. ಒಬ್ಬರು ಕಾಲು ಒತ್ತಿ ಹಿಡಿದು ತಿರುಪು ತಿರುಗಿಸಬೇಕು, ಇನ್ನೊಬ್ಬರು ಕೆಳಗೆ ತಟ್ಟೆ ಹಿಡಿದು ಸುತ್ತಿಸಬೇಕು. ಅಜ್ಜಿ ಇದ್ದಾಗ ನಾನು ತಿರುಗಿಸುತ್ತಿದ್ದೆ, ನೀನು ಕುಕ್ಕರಗಾಲಲ್ಲಿ ಕೂತು ತಟ್ಟೆ ಹಿಡಿಯುತ್ತಿದ್ದೆ. ಬಿಳಿ ಎಳೆಗಳು ಹಬೆಯಾಡುತ್ತಾ ಇಳಿಯುತ್ತಿದ್ದವು. ಆಗ ನಿನಗೆ ಆರು ವರ್ಷ. ತಟ್ಟೆಯ ಅಂಚಿಗೆ ಜೋತುಬಿದ್ದ ಒಂದು ಎಳೆಯನ್ನು ಸುಮ್ನೆ ಬಾಯಿಗೆ ಹಾಕಿಕೊಂಡೆ. ಪೂಜೆ ಮುಗಿಯುವವರೆಗೆ ಯಾರೂ ಮುಟ್ಟುವ ಹಾಗಿಲ್ಲ ಅನ್ನೋದು ಅಜ್ಜಿಯ ಕಟ್ಟು. ಅವರು ನೋಡಿದರು. ಸೆರಗಿನಿಂದ ನಿನ್ನ ಬಾಯಿ ಒರೆಸಿ ಇನ್ನೊಂದು ಉಂಡೆ ಎತ್ತಿಕೊಂಡರು, ಅಷ್ಟೇ. ಈ ವಿಷಯ ನಿನಗೆ ಇವತ್ತಿನವರೆಗೆ ಹೇಳಿರಲಿಲ್ಲ.

ಒತ್ತಿದ್ದಕ್ಕೆ ಒದ್ದೆ ಬಟ್ಟೆ ಮುಚ್ಚಿಟ್ಟು ಶನಿವಾರ ರಾತ್ರಿಯ ಪೂಜೆಗೆ ಫಿಲೋಮಿನಾ ಚರ್ಚಿಗೆ ನಡೆಯುತ್ತಿದ್ದೆವು. 1933ರಲ್ಲಿ ನಾಲ್ವಡಿಯವರು ಅಡಿಗಲ್ಲು ಇಟ್ಟ ಚರ್ಚು ಅದು ಅಂತ ಅಜ್ಜಿ ಪ್ರತಿ ಸಲ ದಾರಿಯಲ್ಲಿ ಹೇಳುತ್ತಿದ್ದರು. ಕತ್ತಲಲ್ಲಿ ಹೊಸ ಬೆಂಕಿ ಹಚ್ಚಿ, ಅದರಿಂದ ಪಾಸ್ಕ ಮೇಣದಬತ್ತಿ, ಅದರಿಂದ ಎಲ್ಲರ ಕೈಯ ಬತ್ತಿ. ಗುರುವಾರದಿಂದ ಸುಮ್ಮನಿದ್ದ ಗಂಟೆಗಳು ಒಟ್ಟಿಗೇ ಬಾರಿಸಿದಾಗ ನೀನು ನನ್ನ ಭುಜದ ಮೇಲೆ ಬೆಚ್ಚಿ ಎದ್ದು "ಶಾವಿಗೆ ತಿನ್ನಬಹುದಾ?" ಅಂತ ಕೇಳಿದ್ದೆ.

ರಾತ್ರಿಗೆ ಕಾಯಿಹಾಲು ಸಾಕು. ಕಾಯಿ ಜೊತೆ ನೆನೆಸಿದ ಗಸಗಸೆ ಸೇರಿಸಿ ನುಣ್ಣಗೆ ರುಬ್ಬು, ಬೆಲ್ಲ, ಏಲಕ್ಕಿ ಹಾಕು. ಬೆಲ್ಲ ಸ್ವಲ್ಪ ಜಾಸ್ತಿಯೇ ಇರಲಿ. ಮಟನ್ ಸಾರು ಬೆಳಿಗ್ಗೆಗೆ. ಅದರ ಖಾರದ ಪುಡಿಯನ್ನು ನಿನ್ನಮ್ಮ ಒರಳಿನ ಒಳಗೇ ಡಬ್ಬಿಯಲ್ಲಿ ಇಟ್ಟಿದ್ದಾಳೆ.

ನಿನ್ನ ರೂಮಿನ ಹುಡುಗಿಯನ್ನು ತಟ್ಟೆ ಹಿಡಿಯೋಕೆ ಕರೆದುಕೋ. ಮೊದಲ ತಟ್ಟೆ ಎದುರು ಮನೆಯವರಿಗೆ ಕೊಡು, ಅವರ ಪರಿಚಯ ಇಲ್ಲದಿದ್ದರೂ ಸರಿ. ಶನಿವಾರ ಸಂಜೆ ಆರಕ್ಕೆ ನಾವೂ ಇಲ್ಲಿ ಒತ್ತೋಕೆ ಕೂರುತ್ತೇವೆ. ವಿಡಿಯೋ ಕಾಲ್ ಮಾಡು. ಫೋನನ್ನು ತಟ್ಟೆ ಕಾಣುವ ಹಾಗೆ ಇಡು.

ಇಂತಿ,
ನಿನ್ನ ಅಪ್ಪ
ಮೈಸೂರು